ಎರಡು ಕಿವಿ, ಎಂಟು ಮೈಕು

ಮನೆಯೊಳಗೆ ಕುಳಿತು ಊರಿಗೆಲ್ಲ ಧ್ವನಿಯನ್ನು ಹಂಚುವ ಹುಚ್ಚು ಮೈಸೂರಿಗೆ ಹೊಸದಲ್ಲ. 1935ರಲ್ಲಿ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ ಪುಟ್ಟದೊಂದು ಬಾನುಲಿ ಕೇಂದ್ರವನ್ನು ಹೂಡಿದರು. ಅದರ ಪ್ರೇಷಕಕ್ಕೆ ಮೊದಲಿಗೆ ಇದ್ದ ಶಕ್ತಿ 30 ವಾಟ್. ಹಿಂದಿನ ಕಾಲದ ಮಂಕು ಬಲ್ಬೊಂದಕ್ಕೆ ಸಾಲುತ್ತಿದ್ದಷ್ಟು. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತೆಂಬುದನ್ನು ಮೈಸೂರಿನವರಿಗೆ ಯಾರೂ ತಿಳಿಸಬೇಕಾಗಿಲ್ಲ. ಕೇಳದಿದ್ದರೂ ಹೊರಗಿನವರಿಗೆ ನಾವೇ ಅದನ್ನು ಹೇಳಿಬಿಡುತ್ತೇವೆ.

ಒಂಟಿಕೊಪ್ಪಲಿಗೆ ಬಹಳ ದೂರವಲ್ಲದ ಇನ್ನೊಂದು ಕೊಪ್ಪಲು ಕುಂಬಾರಕೊಪ್ಪಲು. ಒಂದು ಕಾಲಕ್ಕೆ ಹಳ್ಳಿ. ಇಂದು ಅತ್ತ ಗೋಕುಲಂ, ಇತ್ತ ಮೇಟಗಳ್ಳಿ ಬೆಳೆದು ಬಂದು, ಊರು ನಗರದ ಹೊಟ್ಟೆಯೊಳಗೆ ಸೇರಿಹೋಗಿದೆ. ಆದರೂ ಒಳಬೀದಿಗಳಲ್ಲಿ ಹಳ್ಳಿಯ ನಡೆ ಪೂರ್ತಿ ಅಳಿದಿಲ್ಲ. ಅಂಥ ಒಂದು ಬೀದಿಯಲ್ಲಿ, ಮನೆಯ ಮೇಲಂತಸ್ತಿನ ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ, ನನಗೆ ಪರಿಚಯವಿರುವ ತರುಣನೊಬ್ಬ ಧ್ವನಿಮುದ್ರಣ ಮಾಡುತ್ತಾನೆ. ಹಗಲು ಕಾರ್ಖಾನೆಯ ಕೆಲಸ, ಸಂಜೆ ಈ ಕಾಯಕ. ಇಂಥ ಕೋಣೆಗಳು ಈಗ ಎಲ್ಲ ಊರುಗಳಲ್ಲಿಯೂ ಇವೆ. ಗೋಡೆಗೆ ನಾಲ್ಕು ಕಂಬಳಿ, ಒಂದು ಗಣಕ, ಒಂದು ಮೈಕು, ತಲೆಗೆ ತೊಡುವ ಹೆಡ್‌ಫೋನ್, ಮತ್ತು ಧ್ವನಿಯನ್ನು ಅಂಕಿಗಳನ್ನಾಗಿ ಮಾಡಿ ಗಣಕಕ್ಕೆ ಉಣಿಸುವ ಒಂದು ಪೆಟ್ಟಿಗೆ. ಅಂಗಡಿಯವರು ಅದನ್ನು ಆಡಿಯೋ ಇಂಟರ್‌ಫೇಸ್ ಎನ್ನುತ್ತಾರೆ.

ಆ ಪೆಟ್ಟಿಗೆಯ ಮುಖದಲ್ಲಿ ಮೈಕಿನ ತಂತಿಯನ್ನು ಸಿಕ್ಕಿಸಲು ಎರಡು ರಂಧ್ರಗಳು. ಎರಡು ರಂಧ್ರವೆಂದರೆ ಎರಡು ಚಾನಲ್. ಚಾನಲ್ ಎಂದೊಡನೆ ಮಂಡ್ಯದ ಕಡೆಯವರಿಗೆ ನೆನಪಾಗುವುದು ಕನ್ನಂಬಾಡಿಯಿಂದ ಹೊರಟ ನಾಲೆ. ಆ ಅರ್ಥ ಇಲ್ಲಿಯೂ ತಪ್ಪಲ್ಲ. ಪ್ರತಿ ನಾಲೆಗೂ ಅದರದೇ ತೂಬು. ಒಂದನ್ನು ಎತ್ತಿ ಇನ್ನೊಂದನ್ನು ಇಳಿಸಿ, ಯಾವ ಗದ್ದೆಗೆ ಎಷ್ಟೆಂದು ಆಮೇಲೆ ನಿರ್ಧರಿಸಬಹುದು. ಗಾಯಕಿಯೊಬ್ಬಳು ತಂಬೂರಿಯೊಡನೆ ಹಾಡಿದರೆ, ಯಾರಾದರೂ ವೀಣೆ ನುಡಿಸಿದರೆ, ಕಥೆ ಕವಿತೆ ಓದಿದರೆ, ಎರಡು ನಾಲೆ ಧಾರಾಳವಾಗಿ ಸಾಕು. ದೇವರು ನಮಗೆ ಕೊಟ್ಟದ್ದೂ ಎರಡೇ ಕಿವಿಯಲ್ಲವೆ?

ತೊಡಕು ಹುಟ್ಟಿದ್ದು ಚರ್ಮವಾದ್ಯದಿಂದ. ಆರು ತಮಟೆ, ಒಂದು ನಗಾರಿ ಇರುವ ಮೇಳವೊಂದು ಅವನನ್ನು ಹುಡುಕಿಕೊಂಡು ಬಂದಿತು. ಅವರ ಬೇಡಿಕೆ ಸರಳವಾದದ್ದು. ಜಾತ್ರೆಗೆ, ಮೆರವಣಿಗೆಗೆ ತಮ್ಮನ್ನು ಕರೆಸುವವರು ಈಗ ಮೊದಲು ಕೇಳುವುದು, ‘ಒಂದು ಆಡಿಯೋ ಕಳಿಸಿ’ ಎಂದು. ತಮ್ಮ ಫೋನಿನಲ್ಲಿಯೇ ಅವರು ಹಲವು ಸಲ ಹಿಡಿದು ನೋಡಿದ್ದರು. ಫೋನೆಂಬುದು ಮಾತಿಗಾಗಿ ಮಾಡಿದ ಯಂತ್ರ. ದೊಡ್ಡ ಸದ್ದು ಬಂದೊಡನೆ ಬೆದರಿ ತಾನಾಗಿಯೇ ಧ್ವನಿಯನ್ನು ತಗ್ಗಿಸಿಕೊಳ್ಳುತ್ತದೆ. ಒಂದು ಪೆಟ್ಟು ಬಿದ್ದ ಮೇಲೆ ಮುಂದಿನ ನಾಲ್ಕು ಪೆಟ್ಟುಗಳು ಕಂಬಳಿಯ ಕೆಳಗಿನಿಂದ ಬಂದಂತೆ ಕೇಳುತ್ತವೆ. ಬೀದಿಯಲ್ಲಿ ಎದೆಗೂಡನ್ನು ನಡುಗಿಸುವ ವಾದ್ಯ ಫೋನಿನಲ್ಲಿ ಹಳೆಯ ಡಬ್ಬ ಬಡಿದಂತಾಗುತ್ತದೆ.

ಎರಡು ಚಾನಲ್ಲಿನ ಪೆಟ್ಟಿಗೆಯಿಟ್ಟುಕೊಂಡವನಿಗೆ ಇಲ್ಲಿ ಒಂದು ಸುಲಭೋಪಾಯ ಇದ್ದೇ ಇದೆ. ಏಳು ಜನರನ್ನು ಒಟ್ಟಿಗೆ ಹಿಡಿಯುವುದು ಆಗದಿದ್ದರೆ ಒಬ್ಬೊಬ್ಬರನ್ನಾಗಿ ಹಿಡಿದರಾಯಿತು. ಮೊದಲನೆಯವನ ಕಿವಿಗೆ ಗಣಕದ ಟಿಕ್ ಟಿಕ್ ಸದ್ದನ್ನು ಕೊಟ್ಟು ಬಾರಿಸಲು ಹೇಳುವುದು. ಅದನ್ನು ಎರಡನೆಯವನಿಗೆ ಕೇಳಿಸಿ ಅವನನ್ನು ಬಾರಿಸಲು ಹೇಳುವುದು. ಹೀಗೆ ಪದರದ ಮೇಲೆ ಪದರ. ಚಿತ್ರಸಂಗೀತದ ಬಹುಭಾಗ ಇಂದು ಹೀಗೆಯೇ ಸಿದ್ಧವಾಗುತ್ತದೆ. ಅದರಲ್ಲಿ ಅವಮಾನವೇನೂ ಇಲ್ಲ. ತರುಣ ಇದನ್ನೇ ವಿವರಿಸಿದ. ಮೇಳದ ಹಿರಿಯ ಸಮಾಧಾನದಿಂದ ಕೇಳಿ, “ಅದೆಂಗಾದದಪ್ಪ? ನಾ ಒಡೆದದ್ಕೆ ಅವ ಜವಾಬು ಕೊಡ್ಬೇಕು, ಅವ ಒಡೆದದ್ಕೆ ನಾ ಕೊಡ್ಬೇಕು. ಈ ಗ್ವಾಡೆ ಏನ್ ಜವಾಬು ಕೊಟ್ಟದು?” ಎಂದ.

ಈ ಮಾತನ್ನು ಹಳ್ಳಿಗನ ಮುಗ್ಧತೆಯೆಂದು ತಳ್ಳುವಂತಿಲ್ಲ. ತಮಟೆಯ ಮೇಳದಲ್ಲಿ ವೇಗವೆಂಬುದು ಒಬ್ಬನ ಸ್ವತ್ತಲ್ಲ. ನಡುವೆ ಒಬ್ಬ ಕಣ್ಣು ಮಾಡುತ್ತಾನೆ, ಇನ್ನೊಬ್ಬ ಹೆಜ್ಜೆ ಬದಲಿಸುತ್ತಾನೆ, ಏಳೂ ಜನ ಒಂದು ಕೂದಲೆಳೆಯಷ್ಟು ಮುಂದಕ್ಕೆ ಜರುಗುತ್ತಾರೆ. ಯಂತ್ರದ ಟಿಕ್ ಟಿಕ್ ಜರುಗುವುದಿಲ್ಲ. ಅದಕ್ಕೆ ಕಟ್ಟಿಹಾಕಿ ಬಾರಿಸಿದ ತಮಟೆಯಲ್ಲಿ ಪೆಟ್ಟುಗಳೆಲ್ಲ ಇರುತ್ತವೆ, ಮೇಳ ಇರುವುದಿಲ್ಲ.

ಸಂಗೀತಕ್ಕಿಂತ ಕಠಿನವಾದ ಇನ್ನೊಂದು ಲೆಕ್ಕವೂ ಇದರಲ್ಲಿ ಅಡಗಿದೆ. ಪದರದ ಮೇಲೆ ಪದರ ಹಾಕಬಹುದಾದರೆ ಆರು ತಮಟೆಗೆ ಆರು ಆಳೇಕೆ? ಒಬ್ಬನೇ ಆರು ಸಲ ಬಾರಿಸಿದರಾಯಿತು. ಒಬ್ಬನ ಕೂಲಿ ಕೊಟ್ಟರಾಯಿತು. ಆಮೇಲೆ ಆ ಒಬ್ಬನಾದರೂ ಏಕೆ? ತಮಟೆಯ ನಾಲ್ಕು ಪೆಟ್ಟನ್ನು ಹಿಡಿದು ಕೀಬೋರ್ಡಿನ ಒಂದು ಮನೆಗೆ ಕಟ್ಟಿದ್ದಾರೆ. ಬೆರಳಿಟ್ಟರೆ ಬೆಳಗಿನ ತನಕ ಬಾರಿಸುತ್ತದೆ. ಎರಡೇ ಬಾಗಿಲಿರುವ ಪೆಟ್ಟಿಗೆ ತನಗರಿವಿಲ್ಲದೆಯೇ ಆರು ಜನರನ್ನು ಬೀದಿಯಲ್ಲಿ ನಿಲ್ಲಿಸುತ್ತದೆ. ಆದ್ದರಿಂದ ಚಾನಲ್ಲುಗಳನ್ನು ಹೆಚ್ಚಿಸಿಕೊಳ್ಳುವ ಪ್ರಶ್ನೆಯನ್ನು ಶೋಕಿಯ ಪ್ರಶ್ನೆಯೆಂದು ನಾನು ಎಣಿಸುವುದಿಲ್ಲ. ಒಂದು ಮನೆಗೆ ಏಕಕಾಲಕ್ಕೆ ಎಷ್ಟು ಮಂದಿಯನ್ನು ಕರೆಯಬಹುದೆಂಬ ಪ್ರಶ್ನೆ ಅದು.

ಇಲ್ಲಿ ಹಳಿ ಮತ್ತು ಬಾಗಿಲು ಎಂಬ ಎರಡನ್ನು ಬೇರ್ಪಡಿಸಿ ನೋಡಬೇಕು. ಹಿಂದೆ ಕೊರತೆಯಿದ್ದದ್ದು ಹಳಿಗಳಿಗೆ, ಅಂದರೆ ಟೇಪಿನ ಮೇಲೆ ಒಂದರ ಪಕ್ಕದಲ್ಲೊಂದು ಧ್ವನಿಯನ್ನು ಬರೆದಿಡುವ ಪಟ್ಟಿಗಳಿಗೆ. ವಿದ್ಯುತ್ ಮೈಕು 1925ರ ಸುಮಾರಿಗೆ ಮುದ್ರಣಕ್ಕೆ ಬರುವ ಮುಂಚೆ ಹಳಿಯೆಂಬ ಕಲ್ಪನೆಯೇ ಇರಲಿಲ್ಲ. ಎಲ್ಲರೂ ಒಂದೇ ತುತ್ತೂರಿಯ ಬಾಯಿಗೆ ಮುಖ ಮಾಡಬೇಕಾಗಿತ್ತು. ಬಡಿತದ ವಾದ್ಯಗಳು ಕೊರೆಯುವ ಸೂಜಿಯನ್ನೇ ಎಗರಿಸಿಯಾವೆಂದು ಅವರನ್ನು ದೂರ ನಿಲ್ಲಿಸುತ್ತಿದ್ದರು. ಎಂಟು ಹಳಿಯ ಟೇಪು ಯಂತ್ರವನ್ನು ಅಮೆರಿಕದ ಆಂಪೆಕ್ಸ್ ಕಂಪನಿ 1957ರಲ್ಲಿ ಲೆಸ್ ಪಾಲ್ ಎಂಬ ಗಿಟಾರುವಾದಕನ ಮನೆಗೆ ಒದಗಿಸಿತು. ಆತ ತನ್ನನ್ನೇ ಹಲವು ಮಂದಿಯಾಗಿ ಮಾಡಿಕೊಳ್ಳುವ ವಿದ್ಯೆಯಲ್ಲಿ ನಿಪುಣ! ಬೀಟಲ್ಸ್ ತಂಡದವರ 1967ರ ಪ್ರಸಿದ್ಧ ಆಲ್ಬಂ ‘ಸಾರ್ಜೆಂಟ್ ಪೆಪ್ಪರ್ಸ್’ ಸಿದ್ಧವಾದದ್ದು ನಾಲ್ಕು ಹಳಿಯ ಯಂತ್ರಗಳ ಮೇಲೆ. ಇಂದು ಅಗ್ಗದ ಗಣಕದಲ್ಲಿಯೂ ಹಳಿಗಳಿಗೆ ಬರವಿಲ್ಲ. ನೂರು ಬೇಕೆಂದರೆ ನೂರು. ಬರವಿರುವುದು ಬಾಗಿಲಿಗೆ.

ನಮ್ಮಲ್ಲಿ ಬಾಗಿಲ ಬರವನ್ನು ದಾಟಿದವರು ದೊಡ್ಡ ಸ್ಟುಡಿಯೋಗಳಿಗೆ ಹೋಗಿ ದಾಟಿದರು. ಬೆಂಗಳೂರಿನಲ್ಲಿ 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ಲಯವಿದ್ಯಾಲಯವನ್ನು ಸ್ಥಾಪಿಸಿದ ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿಯವರು, ಆರ್. ಎ. ರಮಾಮಣಿಯವರ ಗಾಯನದೊಡನೆ, ಮೃದಂಗ ಘಟ ಖಂಜಿರಗಳನ್ನು ಕೂಡಿಸಿಕೊಂಡು, ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ಮಾಡಿದ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಜರ್ಮನಿಯ ಇಸಿಎಂ ಸಂಸ್ಥೆಯಿಂದ 1983ರಲ್ಲಿ ಹೊರಬಂದಿತು. ಮೂರು ಚರ್ಮ–ಮಣ್ಣಿನ ವಾದ್ಯಗಳು ಒಂದನ್ನೊಂದು ಮುಚ್ಚಿಹಾಕದೆ ಕೇಳಿಬರಬೇಕಾದರೆ ಅವುಗಳ ಮುಂದೆ ಎಷ್ಟು ಎಚ್ಚರದ ಕಿವಿ ಇರಬೇಕೆಂಬುದು ಅದನ್ನು ಕೇಳಿದವರಿಗೆ ತಿಳಿಯುತ್ತದೆ. ಅಂಥ ವ್ಯವಸ್ಥೆ ಅಂದು ಮನೆಯೊಂದರ ಮೇಲಂತಸ್ತಿಗೆ ಬರುವುದು ಊಹೆಗೂ ಮೀರಿದ್ದು.

ಇಂದು ಅದು ಬರುವುದು ಹೇಗೆ? ದಾರಿಗಳು ಮೂರು. ಮೊದಲನೆಯದು, ನಾಲ್ಕೆಂಟು ಮೈಕುಗಳನ್ನು ಒಂದು ಮಿಕ್ಸರಿಗೆ ಕೊಟ್ಟು, ಅಲ್ಲಿಯೇ ಬೆರೆಸಿ, ಎರಡು ಧಾರೆಯಾಗಿ ಪೆಟ್ಟಿಗೆಗೆ ಇಳಿಸುವುದು. ಮದುವೆಮನೆಯ ಮೈಕ್‌ಸೆಟ್ಟಿನವರಿಗೂ ಈ ವಿದ್ಯೆ ಗೊತ್ತು. ಖರ್ಚು ಕಡಿಮೆ. ಆದರೆ ಸಾರಿಗೆ ಉಪ್ಪು ಬಿದ್ದಂತೆ, ಒಮ್ಮೆ ಬೆರೆತದ್ದನ್ನು ಬೇರ್ಪಡಿಸಲಾಗದು. ನಗಾರಿ ಹೆಚ್ಚಾಯಿತೆಂದು ಮನೆಗೆ ಹೋದ ಮೇಲೆ ತಿಳಿದರೆ ಮಾಡುವುದೇನೂ ಉಳಿಯುವುದಿಲ್ಲ. ಎರಡನೆಯದು, ಇನ್ನೊಂದು ಅಂಥದೇ ಪೆಟ್ಟಿಗೆಯನ್ನು ಕೊಂಡು ಎರಡನ್ನೂ ಒಂದೇ ಗಣಕಕ್ಕೆ ಸಿಕ್ಕಿಸುವುದು. ಮೂರನೆಯದೇ ತರುಣ ಹಿಡಿದ ದಾರಿ. ಅವನ ಪೆಟ್ಟಿಗೆಯ ಬೆನ್ನಿನಲ್ಲಿ, ಇಷ್ಟು ದಿನ ಮುಚ್ಚಳವನ್ನೂ ತೆಗೆಯದೆ ಬಿಟ್ಟಿದ್ದ, ಬೆಳಕಿನ ಎಳೆಯನ್ನು ಸಿಕ್ಕಿಸುವ ಚೌಕಾಕಾರದ ಕಿಂಡಿಯೊಂದಿತ್ತು. ಎಲ್ಲ ಪೆಟ್ಟಿಗೆಗೂ ಅದು ಇರುವುದಿಲ್ಲ. ಕೊಳ್ಳುವ ಮುಂಚೆ ಹಿಂಬದಿ ನೋಡುವುದು ಲೇಸು. ಅಲೆಸಿಸ್ ಎಂಬ ಅಮೆರಿಕನ್ ಕಂಪನಿ 1991ರಲ್ಲಿ ಪ್ರಕಟಿಸಿದ ಎಡ್ಯಾಟ್ ಎಂಬ ಟೇಪು ಯಂತ್ರಕ್ಕಾಗಿ ಈ ಪದ್ಧತಿ ಹುಟ್ಟಿತು. ಆ ಟೇಪು ಮೂಲೆ ಸೇರಿತು, ಅದರ ಕಿಂಡಿ ಮಾತ್ರ ಬದುಕಿದೆ. ಎಂಟು ಮೈಕುಗಳ ಧ್ವನಿಯನ್ನು ಹಿಗ್ಗಿಸಿ ಅಂಕಿಗಳಾಗಿಸುವ ಮತ್ತೊಂದು ಪೆಟ್ಟಿಗೆಯನ್ನು ತಂದು ಆ ಎಳೆಯಿಂದ ಕೂಡಿಸಿದರೆ, ಎಂಟು ಚಾನಲ್ಲುಗಳೂ ಬೆಳಕಾಗಿ ಒಂದೇ ಎಳೆಯಲ್ಲಿ ಹರಿದುಬರುತ್ತವೆ. ಎರಡಿದ್ದದ್ದು ಹತ್ತಾಯಿತು. ಸೆಕೆಂಡಿಗೆ 48,000 ಸಲ ಧ್ವನಿಯನ್ನು ಅಳೆಯುವಾಗ ಈ ಎಂಟು. ಇನ್ನೂ ಸೂಕ್ಷ್ಮ ಬೇಕೆಂದು 96,000ಕ್ಕೆ ಏರಿಸಿದರೆ ಎಳೆಯ ಶಕ್ತಿ ಅಷ್ಟೇ ಆದ್ದರಿಂದ ಎಂಟು ನಾಲ್ಕಾಗುತ್ತದೆ. ತಮಟೆಗೆ 48,000 ಸಾಕು.

ಪೆಟ್ಟಿಗೆ ಎರಡಾದೊಡನೆ ಒಂದು ಹೊಸ ವ್ಯಾಜ್ಯ ಹುಟ್ಟುತ್ತದೆ. ಪ್ರತಿ ಪೆಟ್ಟಿಗೆಯೊಳಗೂ ಒಂದು ಗಡಿಯಾರವಿದೆ. ಆ 48,000 ಅಳತೆಗಳಿಗೆ ತಾಳ ಹಾಕುವುದು ಅದೇ. ಎರಡು ಗಡಿಯಾರಗಳು ಎಷ್ಟೇ ಉತ್ತಮವಾಗಿರಲಿ, ಎಂದೂ ಪೂರ್ತಿ ಒಂದಾಗಿ ನಡೆಯುವುದಿಲ್ಲ. ಕಚೇರಿಯಲ್ಲಿ ಇಬ್ಬರು ಒಬ್ಬರನ್ನೊಬ್ಬರು ನೋಡದೆ ತಾಳ ಹಾಕಿದರೆ ಏನಾದೀತೋ ಅದೇ ಇಲ್ಲಿಯೂ ಆಗುತ್ತದೆ; ಮುದ್ರಣದ ನಡುನಡುವೆ ಚಟ್ ಚಟ್ ಎಂಬ ಸಣ್ಣ ಬಿರುಕುಗಳು ಬೀಳುತ್ತವೆ. ಮೇಲೆ ಹೇಳಿದ ಎರಡನೆಯ ದಾರಿ, ಎರಡು ಸ್ವತಂತ್ರ ಪೆಟ್ಟಿಗೆಗಳ ದಾರಿ, ಎಡವುವುದು ಇಲ್ಲಿಯೇ. ಬೆಳಕಿನೆಳೆಯ ದಾರಿಯಲ್ಲಿ ತಾಳವೂ ಎಳೆಯೊಳಗೇ ಬರುವುದರಿಂದ, ಒಂದನ್ನು ಯಜಮಾನನೆಂದೂ ಇನ್ನೊಂದನ್ನು ಹಿಂಬಾಲಕನೆಂದೂ ಗೊತ್ತುಮಾಡಿದರೆ ವ್ಯಾಜ್ಯ ತೀರಿತು. ಗಣಕದ ಪರದೆಯ ಮೇಲೆ ಒಂದು ಗುಂಡಿ ಒತ್ತುವ ಕೆಲಸ. ಅಷ್ಟನ್ನು ತಿಳಿಯದೆ ಹೊಸ ಪೆಟ್ಟಿಗೆಯೇ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಿದವರೂ ಉಂಟು.

ಇಷ್ಟೆಲ್ಲ ಆದ ಮೇಲೆ ಮೈಕುಗಳನ್ನು ಎಲ್ಲಿ ನಿಲ್ಲಿಸಬೇಕೆಂಬ ನಿಜವಾದ ಪ್ರಶ್ನೆ ಏಳುತ್ತದೆ. ಎಂಟು ಬಾಗಿಲು ಸಿಕ್ಕಿತೆಂದು ಎಂಟು ಮೈಕುಗಳನ್ನು ಎಂಟು ಚರ್ಮಗಳ ಮೂಗಿಗೆ ಹಿಡಿದರೆ ಮುದ್ರಣ ಕೆಡುವುದೇ ಹೆಚ್ಚು. ಚರ್ಮವಾದ್ಯ ಕಾಣುವಷ್ಟು ಸರಳವಲ್ಲ. ಸರ್ ಸಿ. ವಿ. ರಾಮನ್ 1920ರಲ್ಲಿ ಶಿವಕಾಲಿ ಕುಮಾರ್ ಅವರೊಡನೆ ‘ನೇಚರ್’ ಪತ್ರಿಕೆಯಲ್ಲಿಯೂ, 1934ರಲ್ಲಿ ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇನ್ನಷ್ಟು ವಿಸ್ತಾರವಾಗಿಯೂ ಬರೆದು ತೋರಿಸಿದಂತೆ, ನಮ್ಮ ಮೃದಂಗ ತಬಲಗಳ ನಡುವಣ ಕರಣೆಯು ಚರ್ಮದ ಅಡ್ಡಾದಿಡ್ಡಿ ಕಂಪನಗಳನ್ನು ತಂತಿವಾದ್ಯದ ಸ್ವರಗಳಂತೆ ಒಂದು ಸಾಲಿಗೆ ತರುತ್ತದೆ. ಆದ್ದರಿಂದಲೇ ಮೃದಂಗವನ್ನು ಶ್ರುತಿಗೆ ಸೇರಿಸಬಹುದು, ಆದ್ದರಿಂದಲೇ ಅದಕ್ಕೆ ಎರಡು ಮುಖಕ್ಕೆ ಎರಡು ಮೈಕು ಸಾಕು. ಒಂದು ಎಚ್ಚರ ಮಾತ್ರ ಬೇಕು. ಬಲಮುಖಕ್ಕೆ ಪೆಟ್ಟು ಬಿದ್ದಾಗ ಆ ಚರ್ಮ ಒಳಕ್ಕೆ ಸರಿಯುತ್ತದೆ, ಒಳಗಿನ ಗಾಳಿ ಎಡಮುಖವನ್ನು ಹೊರಕ್ಕೆ ತಳ್ಳುತ್ತದೆ. ಒಂದು ಮೈಕು ‘ಹೋಯಿತು’ ಎಂದರೆ ಇನ್ನೊಂದು ‘ಬಂತು’ ಎನ್ನುತ್ತದೆ. ಎರಡನ್ನೂ ಕೂಡಿಸಿದರೆ ಮಂದ್ರವೆಲ್ಲ ಸೊರಗುತ್ತದೆ. ಒಂದರ ಧ್ರುವವನ್ನು ತಿರುಗಿಸುವ ಗುಂಡಿ ಇರುವುದು ಇದಕ್ಕೇ.

ತಮಟೆಯ ಮೇಳದಲ್ಲಿ ಈ ತೊಡಕು ಹಲವು ಪಟ್ಟು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ನಡೆಯುತ್ತದೆ; ಅಂದರೆ 34 ಸೆಂಟಿಮೀಟರಿಗೆ ಸೆಕೆಂಡಿನ ಸಾವಿರದ ಒಂದು ಭಾಗ. ಒಂದೇ ನಗಾರಿಯ ಪೆಟ್ಟನ್ನು ಒಂದು ಮೈಕು ಹತ್ತಿರದಿಂದಲೂ ಇನ್ನೊಂದು ಅದಕ್ಕಿಂತ 1.7 ಮೀಟರು ಹೆಚ್ಚು ದೂರದಿಂದಲೂ ಕೇಳಿದರೆ, ಎರಡನೆಯದು ಸಾವಿರದ ಐದು ಭಾಗ ತಡ. ಸೆಕೆಂಡಿಗೆ ನೂರು ಸಲ ಕಂಪಿಸುವ ನಾದಕ್ಕೆ ಇದು ಸರಿಯಾಗಿ ಅರ್ಧ ಅಲೆ. ಒಂದರ ಏರು ಇನ್ನೊಂದರ ಇಳಿತಕ್ಕೆ ಬಿದ್ದು ಗುಡುಗು ಇಂಗಿಹೋಗುತ್ತದೆ. ಮೈಕು ಹೆಚ್ಚಿದಷ್ಟೂ ನಗಾರಿ ಬಡವಾಗುವ ವಿಚಿತ್ರ ಇದು. ಇಂಗ್ಲೆಂಡಿನ ಗ್ಲಿನ್ ಜಾನ್ಸ್ ಎಂಬ ಧ್ವನಿತಜ್ಞ 1960ರ ದಶಕದ ಕೊನೆಯಲ್ಲಿ ಮೂರು ನಾಲ್ಕೇ ಮೈಕುಗಳಿಂದ ಪಾಶ್ಚಾತ್ಯ ಡ್ರಮ್ ಸೆಟ್ಟನ್ನು ಹಿಡಿದು ಹೆಸರು ಪಡೆದ. ಅವನ ಪದ್ಧತಿಯ ಗುಟ್ಟು, ಮೇಲಣ ಎರಡು ಮೈಕುಗಳು ಮುಖ್ಯ ಡ್ರಮ್ಮಿನಿಂದ ಸಮದೂರದಲ್ಲಿರಬೇಕೆಂಬುದು. ಕುಂಬಾರಕೊಪ್ಪಲಿನ ತರುಣ ಇದನ್ನು ಒಂದು ಹಗ್ಗದಿಂದ ಸಾಧಿಸಿದ. ನಗಾರಿಯ ನಡುವಿನಿಂದ ಒಂದು ಮೈಕಿಗೆ ಹಗ್ಗ ಹಿಡಿದು ಗಂಟು ಹಾಕಿ, ಅದೇ ಗಂಟು ಇನ್ನೊಂದು ಮೈಕಿಗೂ ಮುಟ್ಟುವಂತೆ ನಿಲ್ಲಿಸಿದ.

ಮುದ್ರಣ ನಡೆದದ್ದು ಕೋಣೆಯಲ್ಲಲ್ಲ, ತಾರಸಿಯ ಮೇಲೆ. ಏಳು ಜನ ಆ ಕೋಣೆಯಲ್ಲಿ ಕೈ ಬೀಸುವಂತಿರಲಿಲ್ಲ. ಅದೂ ಅಲ್ಲದೆ ಎದುರುಬದುರು ಗೋಡೆಗಳ ನಡುವೆ ತಮಟೆಯ ಸದ್ದು ಚೆಂಡಿನಂತೆ ಪುಟಿಯುತ್ತದೆ. ಕಂಬಳಿ ಚುರುಕು ಸದ್ದನ್ನು ಹೀರುತ್ತದೆಯೇ ಹೊರತು ನಗಾರಿಯ ಮಂದ್ರಕ್ಕೆ ಅದು ಲೆಕ್ಕಕ್ಕಿಲ್ಲ. ಗಣಕ, ಪೆಟ್ಟಿಗೆಗಳು ಕೋಣೆಯಲ್ಲಿಯೇ ಉಳಿದು, ಎಂಟು ತಂತಿಗಳು ಕಿಟಕಿಯಿಂದ ಮೇಲೇರಿದವು. ಮೈಕುಗಳೂ ಸ್ಟ್ಯಾಂಡುಗಳೂ ಬಾಡಿಗೆಗೆ ತಂದವು. ಇದನ್ನು ಹೇಳುವ ಕಾರಣ, ಎಂಟು ಬಾಗಿಲಿನ ಪೆಟ್ಟಿಗೆಯ ಬೆಲೆಯನ್ನು ಮಾತ್ರ ನೋಡಿ ಹೊರಟವರು ಎಂಟು ಮೈಕು, ಎಂಟು ತಂತಿ, ಎಂಟು ಕಾಲುಗಳ ಬೆಲೆಯನ್ನು ಮರೆಯುತ್ತಾರೆ. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ 2000ದ ಶಬ್ದನಿಯಂತ್ರಣ ನಿಯಮದ ಅಡ್ಡಿಯಿದೆ. ಆದ್ದರಿಂದ ಭಾನುವಾರದ ಮಧ್ಯಾಹ್ನ, ಅಕ್ಕಪಕ್ಕದ ಮನೆಗಳಿಗೆ ಮೊದಲೇ ತಿಳಿಸಿ, ಗೊತ್ತುಮಾಡಿದರು.

ಚರ್ಮದ ತಮಟೆಯನ್ನು ಬಾರಿಸುವ ಮುನ್ನ ಬೆಂಕಿಗೆ ಕಾಯಿಸಬೇಕು. ಕಾದ ಚರ್ಮ ಬಿಗಿಯಾಗಿ ಕಂಠ ಬಿಡುತ್ತದೆ, ಆರಿದರೆ ಇಳಿಯುತ್ತದೆ. ಈಚೆಗೆ ಬಂದಿರುವ ಪ್ಲಾಸ್ಟಿಕ್ ಹೊದಿಕೆಯ ತಮಟೆಗೆ ಈ ಉಪಚಾರ ಬೇಡ, ತಿರುಪು ತಿರುಗಿಸಿದರಾಯಿತು. ಅದರ ಧ್ವನಿ ಹೆಚ್ಚು ಕಿರುಚುತ್ತದೆಂಬುದು ನನ್ನ ಕಿವಿಯ ಅಭಿಪ್ರಾಯ. ಈ ಮೇಳದವರಲ್ಲಿ ನಾಲ್ಕು ಚರ್ಮದವು, ಎರಡು ಪ್ಲಾಸ್ಟಿಕ್ಕಿನವು. ಮನೆಯ ಮುಂದೆ ಹುಲ್ಲು ಕಾಗದ ಉರಿಸಿ ಕಾಯಿಸಿಕೊಂಡು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಒಂದಿಷ್ಟು ಇಳಿದಿರುತ್ತಿತ್ತು. ಪದರ ಪದರವಾಗಿ ಮುದ್ರಿಸಿದ್ದರೆ, ಮೊದಲ ಪದರದ ತಮಟೆಯೂ ಆರನೆಯ ಪದರದ ತಮಟೆಯೂ ಬೇರೆ ಬೇರೆ ಶಾಖದಲ್ಲಿದ್ದು, ಒಂದಕ್ಕೊಂದು ಹೊಂದುತ್ತಲೇ ಇರಲಿಲ್ಲ. ಒಟ್ಟಿಗೆ ಕಾದದ್ದು ಒಟ್ಟಿಗೆ ಆರಿದರೆ ಕಿವಿ ಒಪ್ಪಿಕೊಳ್ಳುತ್ತದೆ.

ಎಂಟು ಮೈಕುಗಳ ಹಂಚಿಕೆ ಹೀಗಿತ್ತು. ಇಡೀ ಮೇಳವನ್ನು ಮೇಲಿನಿಂದ ಕೇಳಲು ಎರಡು. ನಗಾರಿಗೆ ಹತ್ತಿರ ಒಂದು. ತಮಟೆಗಳಿಗೆ ಇಬ್ಬರಿಬ್ಬರ ನಡುವೆ ಒಂದರಂತೆ ಮೂರು. ನಡುನಡುವೆ ಕೇಕೆ ಹಾಕಿ ವರಸೆ ಬದಲಿಸುವ ಹಿರಿಯನ ಧ್ವನಿಗೆ ಒಂದು. ಎಂಟನೆಯದಕ್ಕೆ ಕೆಲಸವಿಲ್ಲದೆ, ಅದನ್ನು ತಾರಸಿಯ ಅಂಚಿನ ಗೋಡೆಯ ಮೇಲಿಂದ ಹೊರಕ್ಕೆ ಮುಖ ಮಾಡಿ ನಿಲ್ಲಿಸಿದ. ಹತ್ತಿರದ ಮೈಕುಗಳೆಲ್ಲ ವಿದ್ಯುತ್ತನ್ನು ಬೇಡದ ಗಟ್ಟಿ ಜಾತಿಯವು. ಮೇಲಣ ಎರಡು ನಾಜೂಕಾದವು, ಅವಕ್ಕೆ ತಂತಿಯಲ್ಲಿಯೇ 48 ವೋಲ್ಟು ಕಳಿಸಬೇಕು. ಅಂಕಿಯ ಮುದ್ರಣದಲ್ಲಿ ಸೊನ್ನೆಯ ಗೆರೆಯನ್ನು ಮೀರಿದ ಪೆಟ್ಟು ಮುರಿದೇ ಹೋಗುತ್ತದೆ. ಆದ್ದರಿಂದ ಜೋರಾದ ಪೆಟ್ಟೂ ಆ ಗೆರೆಗೆ ಹನ್ನೆರಡು ಡೆಸಿಬೆಲ್ ಕೆಳಗೆ ನಿಲ್ಲುವಂತೆ ಮಾಡಿಕೊಂಡ. ಪರೀಕ್ಷೆಗೆಂದು ಬಾರಿಸುವಾಗ ಎಲ್ಲರೂ ಮೆಲ್ಲಗೆ ಬಾರಿಸುತ್ತಾರೆ, ಹುಮ್ಮಸ್ಸು ಬಂದ ಮೇಲಿನ ಪೆಟ್ಟೇ ಬೇರೆ. ಈ ಹನ್ನೆರಡು ಆ ಹುಮ್ಮಸ್ಸಿಗೆ ಬಿಟ್ಟ ಜಾಗ.

ಸಂಜೆ ಎಲ್ಲರೂ ಕೋಣೆಯಲ್ಲಿ ಕುಳಿತು ಕೇಳಿದೆವು. ಮೇಲಣ ಎರಡು ಮೈಕುಗಳನ್ನು ಮಾತ್ರ ಬಿಟ್ಟಾಗಲೇ ಮುಕ್ಕಾಲು ಪಾಲು ಮೇಳ ಕಣ್ಣೆದುರು ಬಂದಿತು. ಉಳಿದವನ್ನು ತೂಬು ಎತ್ತಿದಂತೆ ಒಂದೊಂದಾಗಿ ಏರಿಸಿದಾಗ ನಗಾರಿಗೆ ಹೊಟ್ಟೆ ಬಂದಿತು, ತಮಟೆಯ ಸಣ್ಣ ಕಡ್ಡಿಯ ಸಿಡಿತ ಬಂದಿತು. ಹಾಗಾದರೆ ಎರಡೇ ಸಾಕಿತ್ತಲ್ಲವೆ ಎಂದು ಯಾರಾದರೂ ಕೇಳಬಹುದು. ಬೀದಿಯಲ್ಲಿ ಕೇಳುವವನಿಗೆ ಸಾಕು. ಆದರೆ ಸಣ್ಣ ಕಡ್ಡಿಯಲ್ಲಿ ಎಡಗೈ ಮಾಡುವ ಕೆಲಸವನ್ನು ಮುಂದೊಬ್ಬ ಹುಡುಗ ಕೇಳಿ ಕಲಿಯಬೇಕಾದರೆ ಆ ಎಡಗೈ ಬೇರೆಯಾಗಿ ಸಿಗಬೇಕು. ಸ್ಪೂಲು ಟೇಪಿನ ಯಂತ್ರ ಹೊತ್ತು ಹಳ್ಳಿ ತಿರುಗಿದ ನಮ್ಮ ಜಾನಪದ ವಿದ್ವಾಂಸರು ಒಂದೇ ಮೈಕಿನಿಂದ ಸಾವಿರಾರು ಸಾಲಿನ ಕಾವ್ಯಗಳನ್ನು ಉಳಿಸಿಕೊಟ್ಟರು. ಮಾತಿಗೆ ಒಂದು ಮೈಕು ಸಾಕಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾದಾಗಿನಿಂದ ವಸ್ತುಗಳಿಗೂ ಒಂದು ನೆಲೆ ದೊರಕಿತು. ಕೈ ಮಾಡುವ ಕೆಲಸಕ್ಕೆ ಅಂಥ ನೆಲೆ ಇನ್ನೂ ಆಗಬೇಕಾಗಿದೆ. ಎಂಟರಿಂದ ಹದಿನಾರಕ್ಕೆ ಏರಬೇಕೆಂದು ತರುಣ ಈಗಲೇ ಕನಸು ಕಾಣುತ್ತಿದ್ದಾನೆ. ಹನ್ನೆರಡು ಡೊಳ್ಳಿನ ತಂಡವೊಂದು ಬಾಗಿಲು ತಟ್ಟುವ ತನಕ ಬೇಡ ಎಂಬುದು ನನ್ನ ಸಲಹೆ. ಡೊಳ್ಳಿನವರು ಕುಣಿಯುತ್ತಾ ಬಾರಿಸುವುದರಿಂದ, ಆಳಿಗೊಂದು ಮೈಕು ನಿಲ್ಲಿಸಿದರೂ ಅದರ ಮುಂದೆ ನಿಲ್ಲುವವರಾರು?

ಒಂದು ಗಂಟೆಯ ಎಂಟು ಚಾನಲ್ಲುಗಳ ಮುದ್ರಣ ನಾಲ್ಕು ಗಿಗಾಬೈಟಿಗಿಂತ ಸ್ವಲ್ಪ ಹೆಚ್ಚಾಯಿತು. ಕರೆಸುವವರಿಗೆ ಕಳಿಸಲು ಮೂರು ನಿಮಿಷದ ತುಣುಕೊಂದನ್ನು ಅವರ ಫೋನಿಗೆ ಹಾಕಿಕೊಟ್ಟದ್ದಾಯಿತು. ಪೂರ್ತಿ ಮುದ್ರಣದ ಪ್ರತಿಯೂ ಬೇಕೆಂದು ಹಿರಿಯ ಪಟ್ಟು ಹಿಡಿದ, ಅದನ್ನೂ ಕೊಟ್ಟದ್ದಾಯಿತು. ಹೊರಡುವ ಮುನ್ನ ಅವನ ಕಣ್ಣು ಪರದೆಯ ಮೇಲೆ ಬಿದ್ದಿತು. ಅಲ್ಲಿ ಚಾನಲ್ ಒಂದು, ಚಾನಲ್ ಎರಡು ಎಂದು ಬರೆದಿತ್ತು. “ಇದ್ಯಾಕಪ್ಪ, ನಮ್ಗೆ ಹೆಸ್ರಿಲ್ವಾ?” ಎಂದ. ತರುಣ ಒಂದೊಂದನ್ನೂ ಅಳಿಸಿ, ತಮಟೆಯ ಮೂರು ಚಾನಲ್ಲುಗಳಿಗೆ ಇಬ್ಬರಿಬ್ಬರ ಹೆಸರು, ನಗಾರಿಗೆ ನಗಾರಿಯವನ ಹೆಸರು, ಕೇಕೆಗೆ ಹಿರಿಯನ ಹೆಸರು, ಮೇಲಣ ಎರಡಕ್ಕೆ ಮೇಳದ ಹೆಸರು ಬರೆದ. ಎಂಟನೆಯದನ್ನು ಹಾಕಿ ಕೇಳಿದರೆ, ಹಿನ್ನೆಲೆಯಲ್ಲಿ ಮಂದವಾಗಿ ಮೇಳ, ಮುಂದೆ ಮಕ್ಕಳ ಕೂಗು, ಒಂದು ಸ್ಕೂಟರು, ಯಾರೋ ಯಾರನ್ನೋ ಊಟಕ್ಕೆ ಕರೆಯುವ ಸದ್ದು. ಅಳಿಸಿಬಿಡಲೇ ಎಂದು ತರುಣ ಕೇಳಿದ. “ಬ್ಯಾಡ, ಇರ್ಲಿ. ಬೀದಿ ಅಂತ ಬರಿ” ಎಂದ ಹಿರಿಯ.